ಪ್ರದೇಶಗಳ ನಡುವಿನ ಐಪಿವಿ4 ವಿಳಾಸ ವರ್ಗಾವಣೆ

ಪ್ರದೇಶಗಳ ನಡುವಿನ ಐಪಿವಿ4 ವಿಳಾಸ ವರ್ಗಾವಣೆ ಎಂದರೆ ಜಗತ್ತಿನ ಒಂದು ಭೂಭಾಗದ ಅಂತರ್ಜಾಲ ನೋಂದಣಿ ಸಂಸ್ಥೆಯಲ್ಲಿ ಒಬ್ಬರ ಹೆಸರಿನಲ್ಲಿ ದಾಖಲಾಗಿರುವ ಅಂತರ್ಜಾಲ ವಿಳಾಸಗಳ ಗುಂಪನ್ನು ಮತ್ತೊಂದು ಭೂಭಾಗದ ನೋಂದಣಿ ಸಂಸ್ಥೆಯ ದಾಖಲೆಗೆ, ಬೇರೊಬ್ಬರ ಹೆಸರಿಗೆ ಬದಲಾಯಿಸುವ ವ್ಯವಸ್ಥೆ. ಹಂಚಲು ಹೊಸ ವಿಳಾಸಗಳು ಉಳಿಯದಿದ್ದಾಗ, ಈಗಾಗಲೇ ಹಂಚಿಹೋದ ವಿಳಾಸಗಳನ್ನೇ ಕೈಬದಲಾಯಿಸಬೇಕಾದ ಅನಿವಾರ್ಯತೆಯಿಂದ ಇದು 2012ರಲ್ಲಿ ಜಾರಿಗೆ ಬಂದಿತು. ವಿಳಾಸವನ್ನು ಹಣ ಕೊಟ್ಟು ಪಡೆಯಬಹುದೇ, ಪಡೆಯುವವರು ತಮ್ಮ ಅಗತ್ಯವನ್ನು ರುಜುವಾತುಪಡಿಸಬೇಕೇ, ಒಂದು ಖಂಡಕ್ಕೆಂದು ಮೀಸಲಾದ ವಿಳಾಸಗಳು ಹೊರಗೆ ಹೋಗಬಹುದೇ ಎಂಬ ಪ್ರಶ್ನೆಗಳ ಮೇಲೆ ಒಂದೂವರೆ ದಶಕದಿಂದ ವಾದ ನಡೆದಿದೆ. ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳ ಪೈಕಿ ನಾಲ್ಕು ಈ ವ್ಯವಸ್ಥೆಯಲ್ಲಿ ಸೇರಿಕೊಂಡಿದ್ದು, ಆಫ್ರಿಕಾದ ಸಂಸ್ಥೆ ಮಾತ್ರ ಹೊರಗುಳಿದಿದೆ.

ವಿಳಾಸಗಳ ಮಿತಿ

ಅಂತರ್ಜಾಲದಲ್ಲಿ ದತ್ತಾಂಶವು ಒಂದು ಗಣಕದಿಂದ ಇನ್ನೊಂದಕ್ಕೆ ತಲುಪಬೇಕಾದರೆ ಎರಡಕ್ಕೂ ಸಂಖ್ಯಾರೂಪದ ವಿಳಾಸವಿರಬೇಕು. 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 791 ಎಂಬ ದಾಖಲೆಯು ಈ ವಿಳಾಸದ ಉದ್ದವನ್ನು 32 ಬಿಟ್ ಎಂದು ನಿಗದಿಪಡಿಸಿತು. ಇದೇ ಇಂದಿಗೂ ಬಳಕೆಯಲ್ಲಿರುವ ಅಂತರ್ಜಾಲ ಶಿಷ್ಟಾಚಾರದ ನಾಲ್ಕನೆಯ ಆವೃತ್ತಿ, ಅಂದರೆ ಐಪಿವಿ4. 32 ಬಿಟ್‌ಗಳಿಂದ ರಚಿಸಬಹುದಾದ ವಿಳಾಸಗಳ ಸಂಖ್ಯೆ 4,294,967,296. ಖಾಸಗಿ ಜಾಲಗಳಿಗೆ, ಬಹುಪ್ರಸಾರಕ್ಕೆ ಮತ್ತು ಇತರ ವಿಶೇಷ ಉದ್ದೇಶಗಳಿಗೆ ಕಾದಿರಿಸಿದ ಭಾಗವನ್ನು ಕಳೆದರೆ ಸಾರ್ವಜನಿಕ ಬಳಕೆಗೆ ಉಳಿಯುವುದು ಸುಮಾರು 370 ಕೋಟಿ. ವಿಶ್ವವಿದ್ಯಾಲಯಗಳ ಮತ್ತು ಸಂಶೋಧನಾಲಯಗಳ ಕೆಲವು ನೂರು ಗಣಕಗಳನ್ನು ಕಣ್ಣ ಮುಂದಿಟ್ಟುಕೊಂಡು ರೂಪಿಸಿದ ಜಾಲಕ್ಕೆ ಇದು ಮುಗಿಯದ ಭಂಡಾರದಂತೆ ತೋರಿದ್ದು ಸಹಜ.

ವಿಳಾಸಗಳನ್ನು ಬಿಡಿಬಿಡಿಯಾಗಿ ಅಲ್ಲದೆ ಖಂಡಗಳಾಗಿ ಹಂಚಲಾಗುತ್ತದೆ. ಖಂಡದ ಗಾತ್ರವನ್ನು ಓರೆಗೆರೆಯ ಮುಂದಿನ ಅಂಕಿ ಸೂಚಿಸುತ್ತದೆ. ಅಂಕಿ ಚಿಕ್ಕದಾದಷ್ಟೂ ಖಂಡ ದೊಡ್ಡದು. /8 ಖಂಡವೆಂದರೆ 1,67,77,216 ವಿಳಾಸಗಳು, /22 ಖಂಡವೆಂದರೆ 1,024, /24 ಖಂಡವೆಂದರೆ 256. ಜಗತ್ತಿನ ಜಾಲಗಳು ಸಾಮಾನ್ಯವಾಗಿ /24ಕ್ಕಿಂತ ಚಿಕ್ಕ ಖಂಡದ ಮಾರ್ಗಸೂಚನೆಯನ್ನು ಸ್ವೀಕರಿಸುವುದಿಲ್ಲವಾದ್ದರಿಂದ ವರ್ಗಾವಣೆಯ ಕನಿಷ್ಠ ಅಳತೆಯೂ ಅದೇ ಆಗಿದೆ.

ಆರಂಭಿಕ ಹಂಚಿಕೆಯ ಅಸಮತೋಲನ

ಮೊದಲ ವರ್ಷಗಳಲ್ಲಿ ವಿಳಾಸಗಳ ಪಟ್ಟಿಯನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಪೋಸ್ಟೆಲ್ ನೋಡಿಕೊಳ್ಳುತ್ತಿದ್ದರು. ಈ ಕಾರ್ಯಕ್ಕೆ ಮುಂದೆ ಐಯಾನಾ ಎಂಬ ಹೆಸರು ಬಂದಿತು. 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆ ಅದರ ಹೊಣೆ ಹೊತ್ತಿತು. ಆಗ ಕೇಳಿದವರಿಗೆ ವಿಳಾಸ ಸಿಗುತ್ತಿತ್ತು. ಖಂಡಗಳಿಗೆ ಮೂರೇ ಗಾತ್ರಗಳಿದ್ದುದರಿಂದ, ಮಧ್ಯಮ ಗಾತ್ರದ 65,536 ವಿಳಾಸಗಳು ಸಾಲದೆಂದು ಹೇಳಿದವರಿಗೆ ನೇರವಾಗಿ 1.67 ಕೋಟಿಯ ಖಂಡವೇ ದೊರೆಯುತ್ತಿತ್ತು. ಐಬಿಎಂ, ಫೋರ್ಡ್, ಆಪಲ್, ಎಂಐಟಿ ಮುಂತಾದ ಸಂಸ್ಥೆಗಳು ತಲಾ ಒಂದು /8 ಖಂಡವನ್ನು ಪಡೆದವು. ಅಮೆರಿಕದ ರಕ್ಷಣಾ ಇಲಾಖೆಗೆ ಇಂತಹ ಹತ್ತಕ್ಕೂ ಹೆಚ್ಚು ಖಂಡಗಳು ದೊರೆತವು. ನೋಂದಣಿ ಸಂಸ್ಥೆಗಳು ಹುಟ್ಟುವ ಮೊದಲು, ಯಾವುದೇ ಕರಾರಿಗೆ ಸಹಿ ಹಾಕದೆ ಪಡೆದ ಈ ವಿಳಾಸಗಳನ್ನು 'ಪರಂಪರಾಗತ ವಿಳಾಸಗಳು' ಎಂದು ಕರೆಯಲಾಗುತ್ತದೆ. ಹೆಚ್ಚುವರಿಯನ್ನು ಹಿಂತಿರುಗಿಸಿದವರೂ ಇದ್ದಾರೆ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2000ದಲ್ಲಿ ತನ್ನ /8 ಖಂಡವನ್ನು ಮರಳಿಸಿತು. ಆದರೆ ಮುಂದೆ ವಿಳಾಸಕ್ಕೆ ಬೆಲೆ ಬಂದ ಮೇಲೆ ಇಂತಹ ಔದಾರ್ಯ ಅಪರೂಪವಾಯಿತು. ಎಂಐಟಿ 2017ರಲ್ಲಿ ತನ್ನ ಖಂಡದ ಭಾಗವನ್ನು ಅಮೆಜಾನ್‌ಗೆ ಮಾರಿತು.

1990ರ ದಶಕದಲ್ಲಿ ಹಂಚಿಕೆಯ ಕೆಲಸವನ್ನು ಭೂಭಾಗಗಳಿಗೆ ವಹಿಸಲಾಯಿತು. ಯುರೋಪ್, ಪಶ್ಚಿಮ ಏಷ್ಯಾ ಮತ್ತು ಮಧ್ಯ ಏಷ್ಯಾಕ್ಕೆ ರೈಪ್ ಎನ್‌ಸಿಸಿ (1992), ಏಷ್ಯಾ-ಪೆಸಿಫಿಕ್‌ಗೆ ಏಪ್ನಿಕ್ (1993), ಉತ್ತರ ಅಮೆರಿಕಕ್ಕೆ ಅರಿನ್ (1997), ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್ನಿಕ್ (2002) ಹಾಗೂ ಆಫ್ರಿಕಾಕ್ಕೆ ಆಫ್ರಿನಿಕ್ (2005) ಸ್ಥಾಪನೆಯಾದವು. ಇವು ಸರ್ಕಾರಿ ಸಂಸ್ಥೆಗಳಲ್ಲ. ಜಾಲ ನಡೆಸುವವರೇ ಸದಸ್ಯರಾಗಿರುವ, ಲಾಭದ ಉದ್ದೇಶವಿಲ್ಲದ ಸಂಘಗಳು. ನಿಯಮಗಳನ್ನು ರೂಪಿಸುವುದು ಆಯಾ ಪ್ರದೇಶದ ಬಹಿರಂಗ ಸಭೆಗಳಲ್ಲಿ, ಮತ ಎಣಿಸಿ ಅಲ್ಲ, ಸ್ಥೂಲ ಒಮ್ಮತದ ಮೂಲಕ. 1996ರ ಆರ್‌ಎಫ್‌ಸಿ 2050 ದಾಖಲೆಯ ಪ್ರಕಾರ ಅಗತ್ಯವನ್ನು ತೋರಿಸಿದವರಿಗೆ ಮಾತ್ರ ವಿಳಾಸ ಕೊಡಬೇಕಿತ್ತು. ಕಟ್ಟುನಿಟ್ಟಿನ ಈ ನಿಯಮ ಬರುವ ವೇಳೆಗೆ ದೊಡ್ಡ ತುಂಡುಗಳು ಹಂಚಿಹೋಗಿದ್ದವು. ಅಂತರ್ಜಾಲಕ್ಕೆ ತಡವಾಗಿ ಬಂದ ದೇಶಗಳು ಕಠಿಣ ನಿಯಮಗಳಡಿ ಸಣ್ಣ ತುಂಡುಗಳನ್ನು ಪಡೆದವು. ಇಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 150 ಕೋಟಿಗೂ ಹೆಚ್ಚು ವಿಳಾಸಗಳು ನೋಂದಣಿಯಾಗಿವೆ. ಇಡೀ ಆಫ್ರಿಕಾ ಖಂಡಕ್ಕೆ ಸುಮಾರು 12 ಕೋಟಿ. 140 ಕೋಟಿ ಜನಸಂಖ್ಯೆಯ ಭಾರತಕ್ಕೆ 4 ಕೋಟಿಯ ಆಸುಪಾಸು. ವರ್ಗಾವಣೆಯ ಕುರಿತ ಪ್ರತಿಯೊಂದು ವಾದದ ಹಿಂದೆಯೂ ಈ ಅಂಕಿಗಳಿವೆ.

ದಾಸ್ತಾನು ಬರಿದಾದದ್ದು

2011ರ ಫೆಬ್ರುವರಿ 3ರಂದು ಐಯಾನಾ ತನ್ನಲ್ಲಿ ಉಳಿದಿದ್ದ ಕೊನೆಯ ಐದು /8 ಖಂಡಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ತಲಾ ಒಂದರಂತೆ ನೀಡಿ ಕೈಖಾಲಿ ಮಾಡಿಕೊಂಡಿತು. ಅದೇ ವರ್ಷ ಏಪ್ರಿಲ್ 15ರಂದು ಏಪ್ನಿಕ್ ತನ್ನ ಕೊನೆಯ /8 ಖಂಡಕ್ಕೆ ಇಳಿದು, ಪಡಿತರದ ಮಾದರಿಯ ಹಂಚಿಕೆಗೆ ತೊಡಗಿತು. ರೈಪ್ 2012ರ ಸೆಪ್ಟೆಂಬರ್‌ನಲ್ಲಿ, ಲ್ಯಾಕ್ನಿಕ್ 2014ರ ಜೂನ್‌ನಲ್ಲಿ ಅದೇ ಹಂತ ತಲುಪಿದವು. ಅರಿನ್‌ನ ದಾಸ್ತಾನು 2015ರ ಸೆಪ್ಟೆಂಬರ್ 24ರಂದು ಸಂಪೂರ್ಣ ಮುಗಿಯಿತು. ಆಫ್ರಿನಿಕ್ ಮಾತ್ರ 2020ರ ಜನವರಿಯವರೆಗೂ ಕೊನೆಯ ಹಂತದ ಪಡಿತರಕ್ಕೆ ಇಳಿಯಲಿಲ್ಲ. ಉಳಿದೆಡೆ ಅಂಗಡಿ ಮುಚ್ಚಿದ ಮೇಲೂ ಒಂದೆಡೆ ಮಾತ್ರ ಹಳೆಯ ದರದಲ್ಲಿ ಸರಕು ಸಿಗುತ್ತಿತ್ತು ಎಂಬ ಈ ಅಂತರವೇ ಮುಂದಿನ ಹಲವು ತೊಡಕುಗಳಿಗೆ ಕಾರಣವಾಯಿತು.

ಬಳಕೆಯಾಗದ ಹಳೆಯ ವಿಳಾಸಗಳನ್ನು ಐಯಾನಾಕ್ಕೆ ಮರಳಿಸಿ ಎಲ್ಲ ಪ್ರದೇಶಗಳಿಗೂ ಮರುಹಂಚಿಕೆ ಮಾಡುವ ಜಾಗತಿಕ ನೀತಿಯೊಂದನ್ನು 2009ರಲ್ಲಿ ಪ್ರಸ್ತಾಪಿಸಲಾಗಿತ್ತು. ಜಾಗತಿಕ ನೀತಿಗೆ ಐದೂ ಪ್ರದೇಶಗಳು ಒಂದೇ ಪಠ್ಯವನ್ನು ಅಂಗೀಕರಿಸಬೇಕು. ಹೆಚ್ಚಿನ ಹಳೆಯ ವಿಳಾಸಗಳನ್ನು ಹೊಂದಿದ್ದ ಅರಿನ್ ಪ್ರದೇಶದಲ್ಲಿ 'ಮರಳಿಸಬೇಕು' ಎಂಬುದನ್ನು 'ಮರಳಿಸಬಹುದು' ಎಂದು ತಿದ್ದಿದ್ದರಿಂದ ಆ ಪ್ರಯತ್ನ ಬಿದ್ದುಹೋಯಿತು. ಮರಳಿ ಬಂದಷ್ಟನ್ನು ಸಮನಾಗಿ ಹಂಚುವ ಬೇರೊಂದು ನೀತಿ 2012ರಲ್ಲಿ ಅಂಗೀಕಾರವಾದರೂ ಬಂದದ್ದು ಅತ್ಯಲ್ಪ. ಆಡಳಿತಾತ್ಮಕ ಮರುಹಂಚಿಕೆಯ ದಾರಿ ಮುಚ್ಚಿದ ಮೇಲೆ ಉಳಿದದ್ದು ಮಾರುಕಟ್ಟೆಯ ದಾರಿ.

ವರ್ಗಾವಣೆಗೆ ಅನುಮತಿ

ವಿಳಾಸವು ಯಾರ ಸ್ವತ್ತೂ ಅಲ್ಲ, ಬಳಸುವಷ್ಟು ಕಾಲ ಬಳಸಿ ಬೇಡವಾದಾಗ ಮರಳಿಸಬೇಕಾದ ಸಾರ್ವಜನಿಕ ಸಂಪನ್ಮೂಲ ಎಂಬುದು ನೋಂದಣಿ ಸಂಸ್ಥೆಗಳ ಮೂಲ ನಿಲುವು. ಕಂಪನಿಗಳ ವಿಲೀನವಾದಾಗ ಹೊರತು ಹೆಸರು ಬದಲಾವಣೆಗೆ ಅವಕಾಶವಿರಲಿಲ್ಲ. ಕೊರತೆ ಸಮೀಪಿಸಿದಂತೆ ಈ ನಿಲುವು ಸಡಿಲಗೊಂಡಿತು. ರೈಪ್ 2008ರ ಕೊನೆಯಲ್ಲಿ, ಅರಿನ್ 2009ರಲ್ಲಿ, ಏಪ್ನಿಕ್ 2010ರಲ್ಲಿ ತಂತಮ್ಮ ಪ್ರದೇಶದೊಳಗೆ ವರ್ಗಾವಣೆಯನ್ನು ಒಪ್ಪಿದವು. ಒಪ್ಪದಿದ್ದರೆ ವ್ಯವಹಾರ ನಿಲ್ಲುವುದಿಲ್ಲ, ದಾಖಲೆಯ ಹೊರಗೆ ನಡೆಯುತ್ತದೆ. ಆಗ ಯಾವ ವಿಳಾಸ ಯಾರದೆಂದು ಹೇಳುವ ಪುಸ್ತಕವೇ ಸುಳ್ಳಾಗುತ್ತದೆ ಎಂಬುದು ಬೆಂಬಲಿಗರ ಮುಖ್ಯ ವಾದವಾಗಿತ್ತು.

2011ರಲ್ಲಿ ಈ ವಾದಕ್ಕೆ ಪುಷ್ಟಿ ದೊರೆಯಿತು. ದಿವಾಳಿಯಾಗಿದ್ದ ಕೆನಡಾದ ದೂರಸಂಪರ್ಕ ಕಂಪನಿ ನಾರ್ಟೆಲ್ ತನ್ನಲ್ಲಿದ್ದ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್‌ಗೆ 75 ಲಕ್ಷ ಡಾಲರುಗಳಿಗೆ, ಅಂದರೆ ವಿಳಾಸವೊಂದಕ್ಕೆ 11.25 ಡಾಲರಿನಂತೆ ಮಾರಿತು. ಸಾಲಗಾರರಿಗೆ ಹಂಚಬೇಕಾದ ಆಸ್ತಿಗಳ ಪಟ್ಟಿಯಲ್ಲಿ ವಿಳಾಸಗಳೂ ಸೇರಿದ್ದವು. ನ್ಯಾಯಾಲಯ ಮಾರಾಟಕ್ಕೆ ಸಮ್ಮತಿಸಿತು. ವಿಳಾಸ ಸ್ವತ್ತಲ್ಲ ಎಂಬ ತತ್ತ್ವ ಕಾಗದದಲ್ಲಿ ಉಳಿಯಿತು. ವ್ಯವಹಾರದಲ್ಲಿ ಅದಕ್ಕೆ ಬೆಲೆಯ ಚೀಟಿ ಅಂಟಿತು.

ಖರೀದಿದಾರರು ಮತ್ತು ಮಾರಾಟಗಾರರು ಬೇರೆ ಬೇರೆ ಭೂಭಾಗಗಳಲ್ಲಿದ್ದುದರಿಂದ ಮುಂದಿನ ಹೆಜ್ಜೆ ಸ್ಪಷ್ಟವಾಗಿತ್ತು. ಹೆಚ್ಚುವರಿ ವಿಳಾಸಗಳಿದ್ದದ್ದು ಉತ್ತರ ಅಮೆರಿಕದಲ್ಲಿ. ಮೊದಲು ಬರಿದಾದದ್ದು ಮತ್ತು ವೇಗವಾಗಿ ಬೆಳೆಯುತ್ತಿದ್ದದ್ದು ಏಷ್ಯಾ. ಅರಿನ್ ಮತ್ತು ಏಪ್ನಿಕ್ ನಡುವಿನ ವರ್ಗಾವಣೆ 2012ರಲ್ಲಿ ಆರಂಭವಾಯಿತು. ರೈಪ್ 2015ರಲ್ಲಿ, ಲ್ಯಾಕ್ನಿಕ್ 2020ರ ಜುಲೈನಲ್ಲಿ ಸೇರಿಕೊಂಡವು.

ವರ್ಗಾವಣೆಯ ವಿಧಾನ

ಜಮೀನು ಮಾರಾಟವಾದಾಗ ಭೂಮಿ ಎಲ್ಲಿಗೂ ಹೋಗದೆ ಖಾತೆ ಮಾತ್ರ ಬದಲಾಗುವಂತೆ ಇಲ್ಲಿಯೂ ಬದಲಾಗುವುದು ನೋಂದಣಿ ಮಾತ್ರ. ಕೊಡುವವರು ತಮ್ಮ ಪ್ರದೇಶದ ಸಂಸ್ಥೆಗೆ ಅರ್ಜಿ ಸಲ್ಲಿಸುತ್ತಾರೆ. ಆ ಸಂಸ್ಥೆ ಅರ್ಜಿದಾರರೇ ನಿಜವಾದ ಹಕ್ಕುದಾರರೆಂದೂ ವಿಳಾಸಗಳ ಮೇಲೆ ತಕರಾರಿಲ್ಲವೆಂದೂ ಪರಿಶೀಲಿಸುತ್ತದೆ. ಪಡೆಯುವವರ ಅರ್ಹತೆಯನ್ನು ಅವರ ಪ್ರದೇಶದ ಸಂಸ್ಥೆ ತನ್ನ ನಿಯಮಗಳಂತೆ ತೀರ್ಮಾನಿಸುತ್ತದೆ. ಎರಡೂ ಒಪ್ಪಿದ ಮೇಲೆ ಒಂದು ಪುಸ್ತಕದಿಂದ ಅಳಿಸಿ ಇನ್ನೊಂದರಲ್ಲಿ ಬರೆಯಲಾಗುತ್ತದೆ. ಹಿಮ್ಮುಖ ಹೆಸರು ಹುಡುಕಾಟದ ಅಧಿಕಾರ ಮತ್ತು ಮಾರ್ಗ ದೃಢೀಕರಣದ ಪ್ರಮಾಣಪತ್ರ ನೀಡುವ ಅಧಿಕಾರವೂ ವರ್ಗವಾಗುತ್ತವೆ. ಬೆಲೆಯ ವಿಷಯಕ್ಕೆ ನೋಂದಣಿ ಸಂಸ್ಥೆಗಳು ತಲೆಹಾಕುವುದಿಲ್ಲ. ಅದನ್ನು ಉಭಯ ಪಕ್ಷಗಳು, ಬಹುತೇಕ ದಲ್ಲಾಳಿಗಳ ಮೂಲಕ, ಕುದುರಿಸಿಕೊಳ್ಳುತ್ತವೆ.

ಖಾತೆ ಬದಲಾದ ಮೇಲೂ ಕೆಲಕಾಲ ತೊಂದರೆಗಳಿರುತ್ತವೆ. ಯಾವ ವಿಳಾಸ ಯಾವ ದೇಶದ್ದೆಂದು ಅಂದಾಜಿಸುವ ಖಾಸಗಿ ಕೋಶಗಳು ತಡವಾಗಿ ತಿದ್ದಿಕೊಳ್ಳುವುದರಿಂದ, ಏಷ್ಯಾದ ಬಳಕೆದಾರರೊಬ್ಬರನ್ನು ಜಾಲತಾಣಗಳು ಅಮೆರಿಕದವರೆಂದೇ ಭಾವಿಸಬಹುದು. ಹಿಂದಿನ ಒಡೆಯರ ಕಾಲದಲ್ಲಿ ಅನಪೇಕ್ಷಿತ ಅಂಚೆ ಕಳುಹಿಸಿ ಕಪ್ಪುಪಟ್ಟಿಗೆ ಸೇರಿದ್ದರೆ ಆ ಕಳಂಕವೂ ಹೊಸಬರಿಗೆ ಅಂಟಿಕೊಂಡೇ ಬರುತ್ತದೆ.

ಅಗತ್ಯದ ಷರತ್ತು

ಮೊದಲ ದೊಡ್ಡ ವಿವಾದ ಹುಟ್ಟಿದ್ದು ಅಗತ್ಯದ ರುಜುವಾತಿನ ಬಗ್ಗೆ. ಹಣ ಕೊಟ್ಟು ಕೊಳ್ಳುವವರೂ ತಾವು ನಿಜವಾಗಿ ಬಳಸುತ್ತೇವೆಂದು ತೋರಿಸಬೇಕು, ಇಲ್ಲವಾದರೆ ಹಣವಂತರು ಕೊಂಡು ಕೂಡಿಟ್ಟು ಬೆಲೆ ಏರಿಸುತ್ತಾರೆ ಎಂಬುದು ಒಂದು ಪಕ್ಷ. ಬೆಲೆಯೇ ಅಗತ್ಯದ ಅಳತೆಗೋಲು, ಬೇಡದವರು ದುಡ್ಡು ಸುರಿಯುವುದಿಲ್ಲ, ನೋಂದಣಿ ಸಂಸ್ಥೆಯ ಕೆಲಸ ದಾಖಲೆ ಸರಿಯಾಗಿಡುವುದಷ್ಟೇ ಎಂಬುದು ಇನ್ನೊಂದು. ಅಮೆರಿಕದ ವಿದ್ವಾಂಸ ಮಿಲ್ಟನ್ ಮುಲ್ಲರ್ ಎರಡನೆಯ ಪಕ್ಷದ ಪ್ರಮುಖ ಪ್ರತಿಪಾದಕರಲ್ಲಿ ಒಬ್ಬರು.

ಪ್ರದೇಶಗಳು ಬೇರೆ ಬೇರೆ ಉತ್ತರ ಕೊಟ್ಟವು. ಏಪ್ನಿಕ್ ಆರಂಭದಲ್ಲಿ ಅಗತ್ಯದ ಷರತ್ತನ್ನು ಕೈಬಿಡಲು ಹೊರಟಿತ್ತು. ಆದರೆ ಷರತ್ತಿಲ್ಲದ ಪ್ರದೇಶಕ್ಕೆ ವಿಳಾಸ ಬಿಡುವುದಿಲ್ಲವೆಂಬ ಅರಿನ್‌ನ ನಿಲುವಿನ ಮುಂದೆ ಅದನ್ನು ಉಳಿಸಿಕೊಂಡಿತು. ರೈಪ್ 2014ರಲ್ಲಿ ಷರತ್ತನ್ನು ತೆಗೆದುಹಾಕಿತು. ಆದರೂ ಅರಿನ್‌ನಿಂದ ವಿಳಾಸ ಬರಬೇಕಲ್ಲ? ಅದಕ್ಕಾಗಿ 2015ರ ನೀತಿಯಲ್ಲಿ ಒಂದು ಉಪಾಯ ಮಾಡಲಾಯಿತು: ಅಗತ್ಯ ಕೇಳುವ ಪ್ರದೇಶದಿಂದ ವಿಳಾಸ ತರುವವರು ಮಾತ್ರ, ತಂದದ್ದರಲ್ಲಿ ಕನಿಷ್ಠ ಅರ್ಧದಷ್ಟನ್ನು ಐದು ವರ್ಷಗಳಲ್ಲಿ ಬಳಸುವ ಯೋಜನೆಯನ್ನು ಸಲ್ಲಿಸಬೇಕು. ಈ ಒಂದು ವಾಕ್ಯದಿಂದ ಎರಡು ಭಿನ್ನ ನೀತಿಗಳು 'ಹೊಂದಾಣಿಕೆ'ಯಾದವು. ಇದು ಗಟ್ಟಿಯಾದ ನಿಯಂತ್ರಣವೆನ್ನುವುದಕ್ಕಿಂತ ಬಾಗಿಲು ತೆರೆಸುವ ಮುದ್ರೆ ಎನ್ನುವುದೇ ಸರಿ.

ಪರಸ್ಪರತೆಯ ಷರತ್ತು

ಅರಿನ್‌ನ ನೀತಿಯಲ್ಲಿ ಇನ್ನೂ ಭಾರವಾದ ಪದವೊಂದಿದೆ. ವಿಳಾಸ ವಿನಿಮಯ ನಡೆಸುವ ಪ್ರದೇಶಗಳ ನೀತಿಗಳು ಹೊಂದಾಣಿಕೆಯಾಗುವಂತಹವೂ ಅಗತ್ಯಾಧಾರಿತವೂ ಆಗಿರುವುದರ ಜೊತೆಗೆ ಪರಸ್ಪರವೂ ಆಗಿರಬೇಕು. ಅಂದರೆ ವಿಳಾಸಗಳನ್ನು ಒಳಗೆ ಬಿಟ್ಟುಕೊಳ್ಳುವ ಪ್ರದೇಶ ಹೊರಗೆ ಹೋಗಲೂ ಬಿಡಬೇಕು. ಒಮ್ಮುಖ ಬಾಗಿಲಿಗೆ ಒಪ್ಪಿಗೆಯಿಲ್ಲ.

ಮೇಲ್ನೋಟಕ್ಕೆ ನ್ಯಾಯವೆನಿಸುವ ಈ ಷರತ್ತು ಅಸಮಾನರ ನಡುವೆ ಬೇರೆಯೇ ಪರಿಣಾಮ ಬೀರುತ್ತದೆ. ತಲಾ ವಿಳಾಸಗಳು ಅತ್ಯಂತ ಕಡಿಮೆ ಇರುವ ಪ್ರದೇಶವು ಉತ್ತರ ಅಮೆರಿಕದ ಹೆಚ್ಚುವರಿಯಿಂದ ಕೊಳ್ಳಬೇಕಾದರೆ ತನ್ನ ಅಲ್ಪ ಸಂಗ್ರಹವನ್ನೂ ಜಾಗತಿಕ ಬೆಲೆಗೆ ತೆರೆದಿಡಬೇಕಾಗುತ್ತದೆ. ಬೆಲೆ ಡಾಲರಿನಲ್ಲಿ ನಿಗದಿಯಾಗುವುದರಿಂದ ದುರ್ಬಲ ನಾಣ್ಯದ ದೇಶದ ಕಂಪನಿಗೆ ಕೊಳ್ಳುವುದು ಕಷ್ಟ, ಮಾರುವುದು ಆಕರ್ಷಕ. ಆದ್ದರಿಂದ ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕಗಳಿಗೆ ಒಳಮುಖ ವರ್ಗಾವಣೆಯನ್ನಷ್ಟೇ ಅನುಮತಿಸಲು ಈ ಪದವನ್ನು ತೆಗೆಯಬೇಕೆಂಬ ಸಲಹೆ ಅರಿನ್ ಪ್ರದೇಶದಲ್ಲಿಯೇ ಚರ್ಚೆಗೆ ಬಂದಿತ್ತು. ಐತಿಹಾಸಿಕವಾಗಿ ಹೆಚ್ಚು ಪಡೆದವರು ಕಡಿಮೆ ಪಡೆದವರಿಗೆ ಇಷ್ಟಾದರೂ ವಿನಾಯಿತಿ ಕೊಡಬೇಕು ಎಂಬುದು ಅದರ ತಿರುಳು. ಒಮ್ಮುಖ ವ್ಯವಸ್ಥೆಯಲ್ಲಿ ಒಳಹೋದ ವಿಳಾಸ ಮತ್ತೆಂದೂ ಹೊರಬಾರದೆ ಸಿಕ್ಕಿಕೊಳ್ಳುತ್ತದೆ, ಜಾಗತಿಕ ಜಾಲಕ್ಕೆ ಪ್ರಾದೇಶಿಕ ಗೋಡೆಗಳು ಸಲ್ಲವು, ಪೂರ್ಣ ವಿನಿಮಯಕ್ಕೆ ಬರುವಂತೆ ಇತರರನ್ನು ಪ್ರೇರೇಪಿಸುವ ಏಕೈಕ ಸಾಧನ ಇದೇ ಎಂಬ ಪ್ರತಿವಾದಗಳು ಮೇಲುಗೈ ಸಾಧಿಸಿದವು. ಷರತ್ತು ಉಳಿಯಿತು.

ಹೀಗೆ ಒಂದು ಪ್ರದೇಶದ ಸಭೆಯಲ್ಲಿ ತೀರ್ಮಾನವಾದ ಪದವೊಂದು ಆ ಸಭೆಯಲ್ಲಿ ಕುಳಿತಿರದ ಪ್ರದೇಶಗಳ ಆಯ್ಕೆಗಳನ್ನೂ ನಿರ್ಧರಿಸುತ್ತದೆ. ಲ್ಯಾಟಿನ್ ಅಮೆರಿಕದಲ್ಲಿಯೂ ಒಮ್ಮುಖ ಮಾದರಿಯ ಆಲೋಚನೆ ಇತ್ತು. ಆದರೆ ಅಂತಿಮವಾಗಿ 2020ರಲ್ಲಿ ಜಾರಿಗೆ ಬಂದದ್ದು ಇಮ್ಮುಖ ವರ್ಗಾವಣೆಯೇ.

ಆಫ್ರಿಕಾದ ಪ್ರಶ್ನೆ

ಮಾರಿಷಸ್‌ನಲ್ಲಿ ನೋಂದಣಿಯಾಗಿರುವ ಆಫ್ರಿನಿಕ್ ತನ್ನ ಪ್ರದೇಶದೊಳಗಿನ ವರ್ಗಾವಣೆಯನ್ನು ಒಪ್ಪಿದೆ; ಹೊರಗಿನದನ್ನು ಒಪ್ಪಿಲ್ಲ. 2019ರಿಂದ ಮುಂದಕ್ಕೆ ಒಂದಕ್ಕೊಂದು ಪೈಪೋಟಿಯ ಹಲವು ಪ್ರಸ್ತಾವಗಳು ಬಂದವು. ಒಂದು ಪ್ರಸ್ತಾವಕ್ಕೆ ಒಮ್ಮತವಿದೆಯೆಂದು 2020ರಲ್ಲಿ ಸಭಾಧ್ಯಕ್ಷರು ಘೋಷಿಸಿದಾಗ ಮೇಲ್ಮನವಿಗಳು ದಾಖಲಾದವು. ನೀತಿ ಜಾರಿಯಾಗಲಿಲ್ಲ.

ವಿರೋಧಿಗಳ ಭಯಕ್ಕೆ ಆಧಾರವಿತ್ತು. ಆಫ್ರಿನಿಕ್‌ನ ವಿಳಾಸಗಳು ಅಕ್ರಮವಾಗಿ ಪರಭಾರೆಯಾಗಿರುವುದನ್ನು 2019ರಲ್ಲಿ ಸ್ವತಂತ್ರ ಸಂಶೋಧಕರೊಬ್ಬರು ಮತ್ತು ದಕ್ಷಿಣ ಆಫ್ರಿಕಾದ ಪತ್ರಕರ್ತರೊಬ್ಬರು ಬಯಲಿಗೆಳೆದರು. ಸಂಸ್ಥೆಯ ಒಳಗಿನವರೇ ಶಾಮೀಲಾಗಿದ್ದ ಆರೋಪ ಕೇಳಿಬಂದಿತು. ಆಫ್ರಿನಿಕ್ 2021ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅದರ ಸ್ವಂತ ದಾಸ್ತಾನಿನಿಂದ 23 ಲಕ್ಷಕ್ಕೂ ಹೆಚ್ಚು ವಿಳಾಸಗಳು ದುರುಪಯೋಗವಾಗಿದ್ದವು. ಇನ್ನು ಸುಮಾರು 18 ಲಕ್ಷ ಪರಂಪರಾಗತ ವಿಳಾಸಗಳ ದಾಖಲೆಗಳು ಸಂಶಯಾಸ್ಪದವಾಗಿದ್ದವು. ಮುಚ್ಚಿದ ಹಳೆಯ ಕಂಪನಿಗಳ ಹೆಸರಿನಲ್ಲಿದ್ದ ಖಂಡಗಳು ಇಂತಹ ಕೈಚಳಕಕ್ಕೆ ಸುಲಭದ ಗುರಿ. ಬಾಗಿಲು ಮುಚ್ಚಿದ್ದಾಗಲೇ ಇಷ್ಟು ಹೊರಟುಹೋಗಿದ್ದರೆ ತೆರೆದಿಟ್ಟಾಗ ಏನಾದೀತು ಎಂದು ಅನೇಕರು ಕೇಳಿದರು. ಇದೇ ಸಂಗತಿಯನ್ನು ಬೆಂಬಲಿಗರು ಬೇರೆ ರೀತಿಯಲ್ಲಿ ಓದಿದರು: ಕಾನೂನುಬದ್ಧ ದಾರಿಯಿಲ್ಲದಿದ್ದರಿಂದಲೇ ಕಳ್ಳದಾರಿ ಹುಟ್ಟಿತು. ಎರಡು ಓದುಗಳಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ.

ಎರಡನೆಯ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಸೆಷೆಲ್ಸ್‌ನಲ್ಲಿ ನೋಂದಣಿಯಾದ ಕ್ಲೌಡ್ ಇನ್ನೊವೇಷನ್ ಎಂಬ ಕಂಪನಿ 2013ರಿಂದ 2016ರ ನಡುವೆ ಆಫ್ರಿನಿಕ್‌ನಿಂದ ಸುಮಾರು 62 ಲಕ್ಷ ವಿಳಾಸಗಳನ್ನು ಪಡೆದಿತ್ತು. ವಿಳಾಸಗಳು ಬಹುಮಟ್ಟಿಗೆ ಆಫ್ರಿಕಾದ ಹೊರಗೆ ಬಳಕೆಯಾಗುತ್ತಿವೆ, ಇದು ಸದಸ್ಯತ್ವದ ಕರಾರಿಗೆ ವಿರುದ್ಧ ಎಂದು ಆಫ್ರಿನಿಕ್ ಅವುಗಳನ್ನು ಹಿಂಪಡೆಯಲು ಮುಂದಾಯಿತು. ಎಲ್ಲಿ ಬಳಸಬೇಕೆಂದು ನಿರ್ಬಂಧಿಸುವ ಅಧಿಕಾರ ನೋಂದಣಿ ಸಂಸ್ಥೆಗೆ ಇಲ್ಲವೆಂದು ಕಂಪನಿ ವಾದಿಸಿತು. 2021ರ ಜುಲೈನಲ್ಲಿ ಮಾರಿಷಸ್‌ನ ಸುಪ್ರೀಂ ಕೋರ್ಟಿನ ಆದೇಶದಿಂದ ಆಫ್ರಿನಿಕ್‌ನ ಬ್ಯಾಂಕ್ ಖಾತೆಗಳು ಸ್ತಂಭನಗೊಂಡವು. ಮುಂದೆ ಆಡಳಿತ ಮಂಡಳಿಯ ಕೋರಂ ತಪ್ಪಿತು. 2023ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಸಂಸ್ಥೆಗೆ ರಿಸೀವರ್ ಒಬ್ಬರನ್ನು ನೇಮಿಸಿತು. 2025ರ ಜೂನ್‌ನಲ್ಲಿ ನಡೆದ ಚುನಾವಣೆ ರದ್ದಾಗಿ, ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ನಡೆದು ಹೊಸ ಮಂಡಳಿ ಆಯ್ಕೆಯಾಯಿತು.

ವಿವಾದದ ಆರ್ಥಿಕ ಗಾತ್ರವನ್ನು ತಿಳಿಯಲು ಸರಳ ಗುಣಾಕಾರ ಸಾಕು. ವಿಳಾಸವೊಂದಕ್ಕೆ 20 ಡಾಲರ್ ಎಂದು ಹಿಡಿದರೂ 62 ಲಕ್ಷ ವಿಳಾಸಗಳ ಬೆಲೆ 12 ಕೋಟಿ ಡಾಲರ್ ಮೀರುತ್ತದೆ. ಅವನ್ನು ಹಂಚಿದ ಸಂಸ್ಥೆ ಪಡೆದದ್ದು ಸದಸ್ಯತ್ವ ಶುಲ್ಕ ಮಾತ್ರ.

ಬಾಡಿಗೆ ಎಂಬ ಸಂಗತಿ ಈ ಚರ್ಚೆಯನ್ನು ಇನ್ನಷ್ಟು ಜಟಿಲಗೊಳಿಸಿದೆ. ಖಾತೆ ಬದಲಾಯಿಸದೆ, ಆಫ್ರಿಕಾದಲ್ಲಿ ನೋಂದಣಿಯಾದ ವಿಳಾಸಗಳನ್ನು ಬೇರೆ ಖಂಡದ ಜಾಲಕ್ಕೆ ತಿಂಗಳ ಬಾಡಿಗೆಗೆ ಕೊಡಬಹುದು. ಮಾರ್ಗಸೂಚನೆ ಎಲ್ಲಿಂದ ಹೊರಟರೂ ತಾಂತ್ರಿಕವಾಗಿ ಅದು ನಡೆಯುತ್ತದೆ. ಆಗ ವರ್ಗಾವಣೆಯ ನಿಷೇಧವು ವಿಳಾಸಗಳನ್ನು ಒಳಗೆ ಉಳಿಸುವುದಿಲ್ಲ, ಅವು ನಿಜವಾಗಿ ಯಾರ ಕೈಯಲ್ಲಿವೆ ಎಂಬುದನ್ನು ಮರೆಮಾಡುತ್ತದೆ. ಇನ್ನೊಂದೆಡೆ, ವರ್ಗಾವಣೆಗೆ ಅವಕಾಶ ಕೊಟ್ಟರೆ ಲೈಬೀರಿಯಾ ಅಥವಾ ಚಾಡ್‌ನಂತಹ ದೇಶಗಳ ಸಣ್ಣ ಸೇವಾದಾತರಿಗೆ ಅದರಿಂದ ದಕ್ಕುವುದು ಅಷ್ಟಕ್ಕಷ್ಟೇ. ಅವರ ಬಳಿ ಮಾರಲು ಹೆಚ್ಚುವರಿಯಿಲ್ಲ, ಕೊಳ್ಳಲು ಡಾಲರಿಲ್ಲ. ಅವರಿಗೆ ಉಪಯುಕ್ತವಾಗಿರುವುದು ಆಫ್ರಿನಿಕ್ ಪಡಿತರದಲ್ಲಿ ಕೊಡುವ ಸಣ್ಣ ಖಂಡ. ನೋಂದಣಿ ಸಂಸ್ಥೆಯೇ ಸ್ತಬ್ಧವಾದಾಗ ಮೊದಲು ತೊಂದರೆಗೆ ಸಿಲುಕುವವರೂ ಅವರೇ.

ಬೆಲೆ ಮತ್ತು ಜಾಲದ ಮೇಲಿನ ಪರಿಣಾಮ

ನಾರ್ಟೆಲ್ ಮಾರಾಟದ ಕಾಲದ ಹನ್ನೊಂದು ಡಾಲರಿನ ಬೆಲೆ 2021–22ರ ವೇಳೆಗೆ 50 ಡಾಲರಿನ ಮೇಲಕ್ಕೇರಿ, ನಂತರ ಗಣನೀಯವಾಗಿ ಇಳಿಯಿತು. ದೊಡ್ಡ ಖರೀದಿದಾರರು ಮೇಘಗಣನೆಯ ಕಂಪನಿಗಳು. ಅಮೆಜಾನ್ 2024ರ ಫೆಬ್ರುವರಿ 1ರಿಂದ ತನ್ನ ಗ್ರಾಹಕರಿಗೆ ಸಾರ್ವಜನಿಕ ಐಪಿವಿ4 ವಿಳಾಸವೊಂದಕ್ಕೆ ಗಂಟೆಗೆ 0.005 ಡಾಲರ್ ಶುಲ್ಕ ವಿಧಿಸತೊಡಗಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 44 ಡಾಲರ್.

ದೊಡ್ಡ ಖಂಡಗಳು ಒಡೆದು ಚೂರಾಗಿ ಮಾರಾಟವಾಗುವುದರಿಂದ ಪ್ರತಿ ಚೂರಿಗೂ ಪ್ರತ್ಯೇಕ ಮಾರ್ಗಸೂಚನೆ ಬೇಕಾಗುತ್ತದೆ. ಜಾಗತಿಕ ಮಾರ್ಗಪಟ್ಟಿಯಲ್ಲಿ 2011ರಲ್ಲಿ ಸುಮಾರು ಮೂರೂವರೆ ಲಕ್ಷ ನಮೂದುಗಳಿದ್ದವು. ಈಗ ಹತ್ತು ಲಕ್ಷದ ಸಮೀಪದಲ್ಲಿವೆ. 2014ರ ಆಗಸ್ಟ್‌ನಲ್ಲಿ ಪಟ್ಟಿ 5,12,000 ದಾಟಿದಾಗ ಹಳೆಯ ರೂಟರ್‌ಗಳ ಸ್ಮರಣಕೋಶ ಸಾಲದೆ ಹಲವೆಡೆ ಸೇವೆ ವ್ಯತ್ಯಯವಾಗಿತ್ತು. ಪಟ್ಟಿಯ ಬೆಳವಣಿಗೆಗೆ ವರ್ಗಾವಣೆಯೊಂದೇ ಕಾರಣವಲ್ಲವಾದರೂ ವೆಚ್ಚವನ್ನು ಕೊಂಡವರು ಮಾತ್ರವಲ್ಲದೆ ಎಲ್ಲ ಜಾಲಗಳೂ ಭರಿಸುತ್ತವೆ.

ಭಾರತದ ಸ್ಥಿತಿ

ಭಾರತ ಏಪ್ನಿಕ್ ಪ್ರದೇಶದಲ್ಲಿದೆ. 2012ರಿಂದ ಇಲ್ಲಿನ ಹಂಚಿಕೆಯನ್ನು ನಿಕ್ಸಿ ಸಂಸ್ಥೆಯಡಿಯ ಐಆರ್‌ಐಎನ್‌ಎನ್ ಎಂಬ ರಾಷ್ಟ್ರೀಯ ನೋಂದಣಿ ಸಂಸ್ಥೆಯೂ ನಿರ್ವಹಿಸುತ್ತಿದೆ. ಏಪ್ನಿಕ್‌ನ ಕೊನೆಯ ಖಂಡ 103ರಿಂದ ಆರಂಭವಾಗುವುದು. ಹೊಸ ಸದಸ್ಯರಿಗೆ ಇದರಿಂದ ಮೊದಲು 1,024 ವಿಳಾಸಗಳು ಸಿಗುತ್ತಿದ್ದವು. 2019ರಿಂದ ಗರಿಷ್ಠ 512. ಪಡಿತರದ ಧಾನ್ಯವನ್ನು ಮಾರುಕಟ್ಟೆಗೆ ಸಾಗಿಸದಂತೆ, ಈ ಖಂಡದಿಂದ ಪಡೆದ ವಿಳಾಸಗಳನ್ನು ಐದು ವರ್ಷಗಳವರೆಗೆ ವರ್ಗಾಯಿಸಬಾರದೆಂಬ ನಿಯಮವೂ ಇದೆ. ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ಕೇಬಲ್ ಸೇವೆಯಿಂದ ಬ್ರಾಡ್‌ಬ್ಯಾಂಡ್‌ಗೆ ಹೊರಳಿದವರು ಸೇರಿದಂತೆ, ತಡವಾಗಿ ಕ್ಷೇತ್ರಕ್ಕೆ ಬಂದ ಸೇವಾದಾತರು ತಾವೇ ವಿಳಾಸ ಪಡೆಯುವುದಾದರೆ ಈ ಮಿತಿಯೊಳಗೇ ಪಡೆಯಬೇಕು. 512 ವಿಳಾಸಗಳಲ್ಲಿ ಸಾವಿರಾರು ಮನೆಗಳಿಗೆ ಸಂಪರ್ಕ ಕೊಡಲು ಒಂದು ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚುವ ವಿಳಾಸ ಭಾಷಾಂತರ ತಂತ್ರವೇ ಆಧಾರ. ಇದರಿಂದ ಮನೆಯಲ್ಲಿನ ಕ್ಯಾಮೆರಾವನ್ನು ಹೊರಗಿನಿಂದ ನೋಡುವುದು ತೊಡಕಾಗುತ್ತದೆ. ಅಪರಾಧ ತನಿಖೆಯಲ್ಲಿ ವಿಳಾಸವೊಂದರಿಂದಲೇ ವ್ಯಕ್ತಿಯನ್ನು ಗುರುತಿಸಲಾಗುವುದಿಲ್ಲ. ಹೆಚ್ಚು ಬೇಕಾದವರು ವರ್ಗಾವಣೆಯ ಮಾರುಕಟ್ಟೆಗೆ ಹೋಗಬೇಕು.

ಐಪಿವಿ6 ಜೊತೆಗಿನ ಸಂಬಂಧ

128 ಬಿಟ್‌ಗಳ ಐಪಿವಿ6 ವಿಳಾಸಗಳಿಗೆ ಕೊರತೆಯಿಲ್ಲ. ವರ್ಗಾವಣೆಯ ವಿರೋಧಿಗಳಲ್ಲಿ ಕೆಲವರು, ಹಳೆಯ ವಿಳಾಸಗಳ ವ್ಯಾಪಾರವು ಈ ಸ್ಥಿತ್ಯಂತರವನ್ನು ಮುಂದೂಡುತ್ತದೆ ಎನ್ನುತ್ತಾರೆ. ಐಪಿವಿ4ರ ಬೆಲೆ ಏರಿದಷ್ಟೂ ಹೊಸದಕ್ಕೆ ಹೋಗುವ ಒತ್ತಡ ಹೆಚ್ಚುತ್ತದೆ ಎಂಬುದು ಬೆಂಬಲಿಗರ ಉತ್ತರ. ಭಾರತದ ಅನುಭವ ಎರಡನೆಯದಕ್ಕೆ ಹತ್ತಿರ. 2016ರ ಸೆಪ್ಟೆಂಬರ್‌ನಲ್ಲಿ ಸೇವೆ ಆರಂಭಿಸಿದ ಜಿಯೋಗೆ ಕೋಟ್ಯಂತರ ಗ್ರಾಹಕರಿಗೆ ಸಾಲುವಷ್ಟು ಹಳೆಯ ವಿಳಾಸಗಳು ಸಿಗುವಂತಿರಲಿಲ್ಲ; ಅದು ತನ್ನ ಜಾಲವನ್ನು ಐಪಿವಿ6 ಮೇಲೆಯೇ ಕಟ್ಟಿತು. ಇಂದು ಐಪಿವಿ6 ಬಳಕೆಯ ಪ್ರಮಾಣದಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು. ಆದರೂ ಐಪಿವಿ4 ಮಾತ್ರ ಬಲ್ಲ ತಾಣಗಳು ಇರುವವರೆಗೆ ಐಪಿವಿ6 ಜಾಲಗಳಿಗೂ ಭಾಷಾಂತರಕ್ಕಾಗಿ ಒಂದಿಷ್ಟು ಹಳೆಯ ವಿಳಾಸಗಳು ಬೇಕೇ ಬೇಕು, ಮತ್ತು ಅವುಗಳ ದೊಡ್ಡ ಸಂಗ್ರಹ ಈಗಲೂ ಮೊದಲು ಪಡೆದವರ ಬಳಿಯಲ್ಲಿಯೇ ಇದೆ.